ಗೇಣುದ್ದದ ಕೊಂಬು

ನನ್ನ ಪಾರ್ಲರಿಗೆ ವಾರಕ್ಕೊಂದೇ ರಜೆ, ಸೋಮವಾರ. ಅಂಗೈಯಗಲ ಅಕ್ಷರದಲ್ಲಿ ಬಾಗಿಲ ಮೇಲೆ ಬರೆಸಿ ಹಾಕಿದ್ದೀನಿ. ಆದ್ರೂ ಸೋಮವಾರವೇ ಬಂದು ಶಟರ್ ಬಡಿಯೋರಿದ್ದಾರೆ, ಹುಬ್ಬು ಒಂಚೂರು ಅಕ್ಕ, ಎರಡೇ ನಿಮಿಷ ಅಂತ. ಭಾನುವಾರ ಇಲ್ಲದ ಹುಬ್ಬು ಸೋಮವಾರ ಎಲ್ಲಿಂದ ಬಂತು? ಮೈಯೆಲ್ಲ ಉರಿಯುತ್ತೆ ನನಗೆ. ಆದ್ರೆ ಒಳಗಿಂದ ಬಯ್ಯೋ ಹಾಗಿರಲಿಲ್ಲ. ಯಾಕಂದ್ರೆ ಐದು ವರ್ಷ, ಪ್ರತಿ ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಇಳಿಸಿದ ಶಟರಿನ ಹಿಂದೆ ನಾನು ಒಬ್ಬ ಹುಡುಗಿಯ ಕೊಂಬು ಉಜ್ಜುತ್ತಿದ್ದೆ.

ಕೊಂಬು ಅಂದ್ರೆ ಕೊಂಬೇ. ಸೊಕ್ಕು ಬಂದವರಿಗೆ ಹೇಳೋ ಮಾತಲ್ಲ. ಕಿವಿಯಿಂದ ನಾಲ್ಕು ಬೆರಳು ಮೇಲೆ, ಈ ಕಡೆ ಒಂದು, ಆ ಕಡೆ ಒಂದು, ಕರ್ರಗೆ, ಬುಡದಲ್ಲಿ ಉಂಗುರ ಉಂಗುರ. ಮೂವತ್ತು ವರ್ಷದ ಕಸುಬಿನಲ್ಲಿ ನಾನು ನೋಡದ ತಲೆ ಇಲ್ಲ. ಹೇನು ನೋಡಿದ್ದೀನಿ, ಹೊಟ್ಟು ನೋಡಿದ್ದೀನಿ, ಗಂಡನ ಮೇಲಿನ ಸಿಟ್ಟಿಗೆ ತಾನೇ ಕತ್ತರಿ ಹಾಕ್ಕೊಂಡು ಬಂದ ತಲೆ ನೋಡಿದ್ದೀನಿ. ಇದೊಂದು ನೋಡಿರಲಿಲ್ಲ.

ಹುಡುಗಿ ಮೇಲ್ಮನೆಯವಳು. ನಮ್ಮ ಬೀದಿ ಏರುತ್ತಾ ಏರುತ್ತಾ ಎಲ್ಲಿ ನಮ್ಮ ಉಸಿರು ನಿಲ್ಲುತ್ತೋ ಅಲ್ಲೊಂದು ಕಪ್ಪು ಕಲ್ಲಿನ ಮನೆ, ಅದೇ ಮೇಲ್ಮನೆ. ಅವಳ ತಾತ ಒಂದು ಕಾಲದ ಬೆಂಕಿ ದೊರೆ. ಈ ಊರನ್ನ ಮೂರು ಸಲ ಸುಟ್ಟ ಮಹಾನುಭಾವ. ಬೆಂಕಿಪೊಟ್ಟಣ ಬೇಡ, ಸೀಮೆಎಣ್ಣೆ ಬೇಡ, ಬರೀ ಒಂದು ಚಿಟಿಕೆ. ಮೂರು ಸಲವೂ ಮೊದಲು ಹೊತ್ತಿಕೊಂಡಿದ್ದು ನಮ್ಮಜ್ಜಿ ಮನೆ, ಅದು ಬೇರೆ ವಿಷಯ. ಮೂರನೇ ಸಲ ಊರವರೆಲ್ಲ ಒಟ್ಟಾಗಿ ಅವನನ್ನ ಹಿಡಿದು ಏಳು ದಿನ ಹೊಳೆಯಲ್ಲಿ ಕುತ್ತಿಗೆವರೆಗೆ ನಿಲ್ಲಿಸಿದ್ರಂತೆ. ಎಂಟನೇ ದಿನ ದೊರೆ ದಾರಿಗೆ ಬಂದ. ಇನ್ನು ಊರಿನ ತಂಟೆಗೆ ಬರಲ್ಲ, ಮನೆ ಬಿಟ್ಟು ಕೆಳಗೆ ಇಳಿಯಲ್ಲ ಅಂತ ಬರೆದುಕೊಟ್ಟ. ಈಗ ಅವನಿಗೆ ಎಂಬತ್ತೆಂಟು. ಹಲ್ಲು ಹೋಗಿದೆ, ಮೊಣಕಾಲು ಹೋಗಿದೆ, ಕೈಯಲ್ಲಿರೋ ಬೆಂಕಿ ಮಾತ್ರ ಹೋಗಿರಲಿಲ್ಲ. ಬೆಳಗಾದ್ರೆ ಅದರಲ್ಲೇ ಕಾಫಿ ಕಾಯಿಸ್ಕೊಳ್ತಿದ್ದ.

ಆ ಮನೆಯಲ್ಲಿ ಏಳು ತಲೆಮಾರಿನ ಒಂದು ಕಟ್ಟಳೆ. ಕೊಂಬು ಬಂದ ಮಗುವಿಗೆ ಇಪ್ಪತ್ತು ತುಂಬೋ ದಿನ ಒಂದು ಕಬ್ಬಿಣದ ಪಟ್ಟಿ ತಂದು ಅಳೀತಾರೆ. ಕೊಂಬು ಗೇಣುದ್ದ ಇದ್ರೆ, ಮನೆಯ ಹಿರಿಯ ಎರಡೂ ಕೈಯಲ್ಲಿ ಆ ಕೊಂಬು ಹಿಡಿದು ತನ್ನ ಬೆಂಕಿ ದಾಟಿಸಿಬಿಡ್ತಾನೆ. ಬೇಕು ಬೇಡ ಅನ್ನೋ ಪ್ರಶ್ನೆಯೇ ಇಲ್ಲ, ಆ ಗಳಿಗೆಯಿಂದ ಆ ಮಗುವೇ ದೊರೆ. ಗೇಣು ಮುಟ್ಟದಿದ್ರೆ ಕೊಂಬು ಹಾಲುಹಲ್ಲಿನ ಹಾಗೆ ತಾನಾಗೇ ಉದುರುತ್ತೆ, ಬೆಂಕಿ ಮುದುಕನ ಜೊತೆಗೇ ಮುಗಿಯುತ್ತೆ.

ಮುದುಕನ ಮಗಳು, ಅಂದ್ರೆ ಹುಡುಗಿಯ ಸೋದರತ್ತೆ, ನನ್ನ ಜೊತೆ ಒಂದೇ ಬೆಂಚಲ್ಲಿ ಓದಿದವಳು. ಪಾಪ, ಅವಳ ತಲೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಕೊಂಬು ಬಂದಿದ್ದು ತಮ್ಮನಿಗೆ, ಅದೂ ಹೆಬ್ಬೆರಳಷ್ಟು. ಇಪ್ಪತ್ತಕ್ಕೆ ಉದುರಿತು. ಉದುರಿದ ವಾರವೇ ಅವನು ಹಡಗು ಹತ್ತಿದ. ಈಗ ಗಂಡ ಹೆಂಡತಿ ಇಬ್ಬರೂ ಹಡಗಿನಲ್ಲೇ ಅಡುಗೆ ಮಾಡ್ಕೊಂಡಿದ್ದಾರೆ, ಎರಡು ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗ್ತಾರೆ. ಅವರು ಬಿಟ್ಟು ಹೋದ ಕೂಸನ್ನ ಎತ್ತಿ ಆಡಿಸಿ ಬೆಳೆಸಿದವಳು ಈ ಅತ್ತೆ. ಮರಿ, ಮರಿ ಅಂತ ಅವಳು ಕರೆದು ಕರೆದು ಇಡೀ ಬೀದಿಗೇ ಆ ಹುಡುಗಿ ಮರಿ ಆಗಿಬಿಟ್ಲು. ಕೊಂಬಿನ ವಿಷಯ ಮಾತ್ರ ಮನೆಯ ಹೊಸ್ತಿಲು ದಾಟಿರಲಿಲ್ಲ.

ಮರಿ ಮೊದಲ ಸಲ ನನ್ನ ಹತ್ತಿರ ಬಂದಾಗ ಹದಿನೈದು ವರ್ಷ. ಟೋಪಿ ತೆಗೆದು ಸುಮ್ಮನೆ ಕನ್ನಡಿ ಮುಂದೆ ಕೂತ್ಲು. ಶಾಲೆಗೆ ಬೆಂಕಿ ನಂದಿಸೋ ಠಾಣೆಯವರು ಬಂದು ಪೈಪು ಬಿಟ್ಟು ತೋರಿಸಿದ್ರಂತೆ, ಅವತ್ತಿಂದ ತಾನೂ ಅದೇ ಕೆಲಸಕ್ಕೆ ಸೇರ್ತೀನಿ ಅಂತ ಹಠ. ಊರು ಸುಟ್ಟವನ ಮೊಮ್ಮಗಳು ಬೆಂಕಿ ನಂದಿಸೋಕೆ ಹೊರಟಿದ್ದಾಳೆ ಅಂತ ನನಗೆ ನಗು ತಡೀಲಿಲ್ಲ. ನಗಬಾರದಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಕೈಯಿಂದ ಹೊಗೆ ಬಂತು, ಕೊಂಬಿನ ಜೊತೆ ಒಂಚೂರು ಕಾವು ಬಂದೇ ಬರುತ್ತಂತೆ, ನನ್ನ ಹೊಸ ಟವೆಲಿನ ಮೇಲೆ ಐದು ಬೆರಳಿನ ಕಂದು ಅಚ್ಚು ಬಿತ್ತು. ಹೆಲ್ಮೆಟ್ ಕೂರಬೇಕಲ್ಲ ಅಕ್ಕ, ಅಂತ ಅಷ್ಟೇ ಅಂದ್ಲು. ಊರಿಗೆಲ್ಲ ನಾನು ಅಕ್ಕನೇ. ಆಂಟಿ ಅಂದವರ ಹುಬ್ಬು ಒಂದು ಮೇಲೆ ಒಂದು ಕೆಳಗೆ ಮಾಡಿ ಕಳಿಸ್ತೀನಿ.

ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಪ್ರಯೋಗ ಮಾಡಿದೆ. ಕೂದಲು ತೆಗೆಯೋ ಕ್ರೀಮು ಹಚ್ಚಿದೆ, ಕೊಂಬು ಇನ್ನಷ್ಟು ಮಿಂಚೋಕೆ ಶುರುವಾಯ್ತು. ಬಿಸಿ ವ್ಯಾಕ್ಸ್ ಹಾಕಿ ಎಳೆದೆ, ಕೊಂಬಿನ ಬದಲು ನಾನೇ ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಕೊನೆಗೆ ಒಡೆದ ಹಿಮ್ಮಡಿ ಉಜ್ಜೋ ಉಕ್ಕಿನ ಫೈಲು ತಗೊಂಡು ತಿಕ್ಕಿದಾಗ ಒಂಚೂರು ಪುಡಿ ಉದುರಿತು. ಅಲ್ಲಿಂದ ಸೋಮವಾರದ ಪಾಳಿ ಶುರು. ಮನೆಯಲ್ಲಿ ತಾನೇ ಉಜ್ಜಿಕೊಳ್ಳೋಕೆ ಒಂದು ಸಲ ನೋಡಿದ್ಲಂತೆ, ಕಿಡಿ ಹಾರಿ ದಿಂಬು ಹೊತ್ತಿಕೊಳ್ತು. ಹಾಗಾಗಿ ಅದು ನನ್ನ ಪಾಲಿಗೇ ಬಂತು. ಎರಡು ಬೆರಳಿಗಿಂತ ಉದ್ದ ಬಿಡ್ತಿರಲಿಲ್ಲ ನಾನು, ಮೇಲೆ ಕೂದಲು ಸುತ್ತಿ ಪಿನ್ನು ಹಾಕಿದ್ರೆ ಯಾರಿಗೂ ಕಾಣ್ತಿರಲಿಲ್ಲ.

ಈಗ ನಾಚಿಕೆ ಬಿಟ್ಟು ಹೇಳ್ತೀನಿ. ಅವಳ ಅತ್ತೆಯೂ ನನ್ನ ಗಿರಾಕಿ. ತಿಂಗಳಿಗೊಮ್ಮೆ ಹುಬ್ಬಿಗೆ ಬರ್ತಿದ್ಲು. ಹಳೆ ಗೆಳತಿ ನೋಡಿ, ಮೂರನೇ ವರ್ಷ ಬಾಯಿಬಿಟ್ಟೇ ಬಿಟ್ಲು. ಮರಿಗೆ ಕೊಂಬು ಬಂದಿದೆ ಕಣೇ, ಆದ್ರೆ ಏಳ್ತಾನೇ ಇಲ್ಲ, ಭಾನುವಾರ ಭಾನುವಾರ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸೋತು ಹೋಯ್ತು ಅಂತ ಗೋಳು. ಹೌದಾ, ಪಾಪ, ವಂಶದಲ್ಲೇ ಸ್ವಲ್ಪ ನಿಧಾನ ಇರಬಹುದು ಅಂತ ನಾನು ದಾರ ಹಲ್ಲಲ್ಲಿ ಕಚ್ಚಿಕೊಂಡು ಸಮಾಧಾನ ಹೇಳ್ತಿದ್ದೆ. ಭಾನುವಾರ ಅವಳು ತಿಕ್ಕಿ ಬೆಳೆಸೋದು, ಸೋಮವಾರ ನಾನು ತಿಕ್ಕಿ ಸವೆಸೋದು. ನಡುವೆ ಆ ಹುಡುಗಿ ತಲೆ ಏನಾಗಿರಬೇಡ!

ಹತ್ತೊಂಬತ್ತಕ್ಕೆ ಮರಿ ಠಾಣೆಯ ತರಬೇತಿಗೆ ಸೇರಿದ್ಲು. ಮನೆಯಲ್ಲಿ ಹೊಲಿಗೆ ಕಲಿಯೋಕೆ ಹೋಗ್ತೀನಿ ಅಂತ ಸುಳ್ಳು. ಠಾಣೆಯ ಸಾಹೇಬ್ರಿಗೆ ಅವಳು ಯಾವ ಮನೆಯವಳು ಅಂತ ಗೊತ್ತಿತ್ತು. ಅವರು ಒಳ್ಳೆಯವರು, ಆದ್ರೆ ಮಾತಿನಲ್ಲಿ ಕಟ್ಟುನಿಟ್ಟು. ತಾತನ ಬೆಂಕಿ ನಿನ್ನ ಕೈಗೆ ಬಂದ ದಿನ ನಿನಗೂ ಠಾಣೆಗೂ ಸಂಬಂಧ ಮುಗೀತು ಅಂತ ಮೊದಲ ದಿನವೇ ಹೇಳಿಬಿಟ್ಟಿದ್ರು. ತರಬೇತಿ ಮುಗಿಸಿ ಕೆಲಸಕ್ಕೆ ಸೇರಬೇಕಾಗಿದ್ದು ಒಂದು ಸೋಮವಾರ. ಅವಳಿಗೆ ಇಪ್ಪತ್ತು ತುಂಬೋದು ಅದಕ್ಕೆ ಮುಂಚಿನ ಶುಕ್ರವಾರ. ಆ ಶುಕ್ರವಾರ ಒಂದು ದಾಟಿದ್ರೆ ಗೆದ್ದ ಹಾಗೆ ಅಂತ ನಾವಿಬ್ಬರೂ ಬೆರಳು ಮಡಚಿ ದಿನ ನೂಕ್ತಿದ್ವಿ.

ಆದ್ರೆ ಹುಡುಗಿಯ ಮನಸ್ಸು ನಾನು ತಿಳಿದಷ್ಟು ನೆಟ್ಟಗಿರಲಿಲ್ಲ. ಒಂದು ಸೋಮವಾರ ಬಂದವಳೇ ಹೊಟ್ಟೆ ಹಿಡ್ಕೊಂಡು ನಕ್ಕಳು. ತರಬೇತಿಯಲ್ಲಿ ಮೂರು ಜನ ಹುಡುಗರು ಇವಳ ಬೂಟು ಬಚ್ಚಿಟ್ಟು ಆಡಿಸಿದ್ರಂತೆ. ಇವಳು ಸುಮ್ಮನೆ ಅವರ ಕಾಲು ನೋಡಿದ್ಲಂತೆ, ಅಷ್ಟೇ, ಮೂವರ ಬೂಟಿನ ಲೇಸೂ ಬುಸುಬುಸು ಹೊಗೆಯಾಡಿ ಉದುರಿ ಹೋಯ್ತು. ನೀರಿನ ತೊಟ್ಟಿಗೆ ಮೂವರೂ ಧುಮುಕಿದ್ದನ್ನ ಹೇಳ್ತಾ ಹೇಳ್ತಾ ನಗುತ್ತಿದ್ದವಳು ಹಾಗೇ ಅಳೋಕೆ ಶುರು ಮಾಡಿದ್ಲು.

"ಅಕ್ಕ, ನನಗೆ ಖುಷಿ ಆಯ್ತು. ಇನ್ನೂ ಸುಡಬೇಕು ಅನ್ನಿಸ್ತು. ನಾನು ತಾತನ ಹಾಗೇನಾ?"

ನನಗೇನು ಗೊತ್ತು? ಹುಬ್ಬು ತಿದ್ದೋಳು ನಾನು. ಆ ಮೂವರು ಬೂಟು ಬಚ್ಚಿಟ್ಟಿದ್ದಕ್ಕೆ ನಾನಾಗಿದ್ರೆ ಪ್ಯಾಂಟೂ ಸುಡ್ತಿದ್ದೆ ಅಂತ ಬೈದು ಮೂಗು ಒರೆಸಿದೆ. ಆದ್ರೆ ಅವತ್ತು ಹತ್ತು ನಿಮಿಷ ಹೆಚ್ಚಿಗೆ ಉಜ್ಜಿದೆ. ಉಜ್ಜಿದಷ್ಟೂ ಬುಡ ದಪ್ಪ ಆಗ್ತಿತ್ತು ಬೇರೆ.

ಇಷ್ಟರಲ್ಲಿ ಆ ಶುಕ್ರವಾರದ ವಾರ ಬಂತು. ಸೋಮವಾರ ಒಂದೂವರೆ ಬೆರಳಿಗೆ ಇಳಿಸಿ ಕಳಿಸಿದೆ. ಇನ್ನು ಮೂರು ದಿನ ಮರಿ ಮನೆ ಬಿಟ್ಟು ಬರೋ ಹಾಗಿಲ್ಲ, ಅದೂ ಅವರ ಕಟ್ಟಳೆ. ಮಂಗಳವಾರ ಅತ್ತೆ ಬಂದ್ಲು. ಹುಬ್ಬಿಗಲ್ಲ, ಅಳೋಕೆ. ಅಪ್ಪನಿಗೆ ವಯಸ್ಸಾಯ್ತು, ವಂಶ ಇಲ್ಲಿಗೇ ನಿಂತು ಹೋಗುತ್ತೆ, ನನ್ನಿಂದಂತೂ ಏನೂ ಆಗಲಿಲ್ಲ, ಇವಳನ್ನಾದ್ರೂ ದೊರೆ ಮಾಡ್ತೀನಿ ಅಂತ ಇಪ್ಪತ್ತು ವರ್ಷ ಒದ್ದಾಡಿದೆ, ಏನಾದ್ರೂ ಮಾಡೇ ಅಂತ ನನ್ನ ಕೈ ಹಿಡ್ಕೊಂಡ್ಲು. ಅವಳನ್ನ ಬರಿಗೈಯಲ್ಲಿ ಹೇಗೆ ಕಳಿಸಲಿ? ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಕೇಶವರ್ಧಕ ಎಣ್ಣೆ ಬಿದ್ದಿತ್ತು. ನಾಲ್ಕು ವರ್ಷದ ಹಿಂದೆ ಯಾವನೋ ಮಾರಾಟದವನು ತಲೆಗೆ ಕಟ್ಟಿ ಹೋಗಿದ್ದು. ಅದರಿಂದ ಒಬ್ಬರ ತಲೆಯಲ್ಲೂ ಒಂದು ಕೂದಲು ಹುಟ್ಟಿದ್ದು ನಾನು ಕಾಣೆ, ಬೋಳು ತಲೆಯವರು ಬೋಳಾಗೇ ಉಳಿದಿದ್ರು. ಧೂಳು ಒರೆಸಿ ಅದನ್ನೇ ಕೊಟ್ಟು, ಮೂರು ಹೊತ್ತು ಹಚ್ಚು ಅಂತ ಧೈರ್ಯ ಹೇಳಿ ಕಳಿಸಿದೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮರಿಗೆ ತಲೆ ಬಾಚೋಕೆ ಅಂತ ಅತ್ತೆ ನನ್ನನ್ನ ಮನೆಗೆ ಕರೆಸಿದ್ಲು. ಬ್ಯಾಗಿಗೆ ಬಾಚಣಿಗೆ, ಪಿನ್ನು, ಯಾವುದಕ್ಕೂ ಇರಲಿ ಅಂತ ಫೈಲೂ ಹಾಕ್ಕೊಂಡು ಏದುಸಿರು ಬಿಡ್ತಾ ಹತ್ತಿ ಹೋದೆ. ಬಾಗಿಲಲ್ಲೇ ಅತ್ತೆ ನನ್ನನ್ನ ಅಪ್ಪಿಕೊಂಡ್ಲು. ಐವತ್ತು ವರ್ಷದ ಹೆಂಗಸು ಶಾಲೆ ಹುಡುಗಿ ಥರ ಕುಣೀತಾ ಇದ್ದಾಳೆ.

ಒಳಗೆ ಮರಿ ಸ್ಟೂಲಿನ ಮೇಲೆ ಕೂತಿದ್ಲು. ಕೊಂಬು ಗೇಣುದ್ದ. ಗೇಣಿಗಿಂತ ಒಂದು ಕೂದಲು ಜಾಸ್ತಿಯೇ ಇತ್ತೇನೋ. ಎಣ್ಣೆ ಸುರೀತಾ, ಫಳಫಳ ಹೊಳೀತಾ ಎರಡೂ ನೆಟ್ಟಗೆ ನಿಂತಿದ್ವು. ಜನ್ಮದಲ್ಲಿ ಒಬ್ಬರ ತಲೆಗೂ ಕೆಲಸ ಮಾಡದ ಎಣ್ಣೆ ಇಲ್ಲಿ ಬಂದು ಕೆಲಸ ಮಾಡಿತ್ತು. ಅತ್ತೆ ಆ ಕಡೆ ಹೋದ ತಕ್ಷಣ ನಾನು ಫೈಲು ಕೈಗೆ ತಗೊಂಡೆ. ಆದ್ರೆ ಮರಿ ನನ್ನ ಮಣಿಕಟ್ಟು ಹಿಡಿದು ತಡೆದ್ಲು. ಇಷ್ಟು ವರ್ಷ ಉಜ್ಜಿದ್ದು ಮೂರೇ ದಿನದಲ್ಲಿ ಬೆಳೆದಿದೆ ಅಂದ್ರೆ ಇದು ನನ್ನ ಹಣೆಬರಹ, ತಪ್ಪಿಸಿಕೊಳ್ಳೋಕಾಗಲ್ಲ ಅಂತ ತಣ್ಣಗೆ ಹೇಳಿದ್ಲು. ಆ ತಣ್ಣಗಿನ ದನಿ ಕೇಳಿ ನನಗೆ ನಿಜವಾಗ್ಲೂ ಭಯ ಆಯ್ತು.

"ಹಣೆಬರಹ ಅಲ್ಲ ಕಣೇ, ಅದು ನನ್ನ ಎಣ್ಣೆ," ಅಂದೆ.

ನಡೆದಿದ್ದೆಲ್ಲ ಪಿಸುಮಾತಲ್ಲಿ ಹೇಳಿಬಿಟ್ಟೆ. ಅವಳು ಬಾಯಿ ತೆರೆದು ನನ್ನನ್ನೇ ನೋಡಿದ್ಲು. ಬೈತಾಳೆ ಅಂದ್ಕೊಂಡ್ರೆ, ನಗಬೇಕೋ ಅಳಬೇಕೋ ತಿಳೀದೆ ಮುಖ ಮುಚ್ಕೊಂಡ್ಲು. ಅಷ್ಟು ಹೊತ್ತಿಗೆ ಅತ್ತೆ ಬಂದು ಕರೆದಳು, ಉಜ್ಜೋಕೆ ಸಮಯ ಎಲ್ಲಿ?

ಹಜಾರದಲ್ಲಿ ಮುದುಕ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಆ ಮನೆಯಲ್ಲಿ ಎಲ್ಲಾ ಕಬ್ಬಿಣವೇ, ಕುರ್ಚಿ, ಮೇಜು, ಮಂಚ. ನಾನು ಅವನನ್ನ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇವನೇನಾ ನಮ್ಮಜ್ಜಿ ಮನೆ ಮೂರು ಸಲ ಸುಟ್ಟವನು ಅನ್ನೋ ಹಾಗೆ ಪುಟ್ಟದಾಗಿ, ಶೇವಿಂಗ್ ಸರಿಯಾಗಿ ಆಗದ ಗದ್ದ ಇಟ್ಕೊಂಡು ಕೂತಿದ್ದ. ಆ ಗದ್ದ ನೋಡಿ ನನ್ನ ಕೈ ತುರಿಸಿತು, ಕಸುಬಿನ ಬುದ್ಧಿ ಎಲ್ಲಿ ಹೋಗುತ್ತೆ. ಅತ್ತೆ ಕಬ್ಬಿಣದ ಪಟ್ಟಿ ತಂದು ಅಳೆದು, ದನಿ ನಡುಗಿಸ್ತಾ, ಗೇಣು ಮುಟ್ಟಿದೆ ಅಪ್ಪ ಅಂದ್ಲು. ಮರಿ ತಾತನ ಮುಂದೆ ನೆಲದ ಮೇಲೆ ಕೂತು ತಲೆ ಬಗ್ಗಿಸಿದ್ಲು.

ಮುದುಕ ಎರಡೂ ಕೈ ಚಾಚಿ ಕೊಂಬು ಹಿಡಿದ. ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಮೂರು ದಿನದ ಎಣ್ಣೆ ಅಲ್ವಾ, ಎಂಬತ್ತೆಂಟರ ಬೆರಳಿಗೆ ಎಲ್ಲಿ ಸಿಗುತ್ತೆ? ಮೂರನೇ ಸಲ ಜೋರಾಗಿ ಹಿಡಿಯೋಕೆ ಹೋಗಿ ಕುರ್ಚಿಯಿಂದಲೇ ಮುಂದಕ್ಕೆ ಜಾರಿದ, ನಾನೇ ಹಿಡಿದು ಕೂರಿಸಿದೆ. ಅತ್ತೆ ಒರೆಸೋಕೆ ಬಟ್ಟೆ ಹುಡುಕ್ತಾ ಒಳಗೆ ಓಡಿದ್ಲು. ಅವಳು ಬರೋವರೆಗೆ ಸುಮ್ಮನಿರಬೇಕಿತ್ತು ನಾನು. ನನ್ನ ನಾಲಿಗೆ ನನ್ನ ಮಾತು ಕೇಳೋ ಜಾತಿಯದ್ದಲ್ಲ.

"ಅಲ್ಲ ತಾತ, ಕೊಂಬೇ ಯಾಕೆ ಹಿಡೀಬೇಕು? ಕೊಡೋದೇ ಆದ್ರೆ ಕೈಗೆ ಕೊಡಬಹುದಲ್ಲ?"

ಮುದುಕ ನನ್ನ ಮುಖ ನೋಡಿದ. ಏಳು ತಲೆಮಾರಿನಲ್ಲಿ ಇದನ್ನ ಯಾರೂ ಕೇಳಿರಲಿಲ್ಲ ಅನ್ನೋದು ಆ ಕಣ್ಣಲ್ಲೇ ಗೊತ್ತಾಯ್ತು. ಆಮೇಲೆ ತನ್ನ ಬೋಳು ತಲೆ ಸವರಿಕೊಂಡು, ಅಲ್ಲಿ ಎರಡು ಕಡೆ ಹಳೆ ಗಾಯದ ಹಾಗಿದ್ದ ಗುರುತು ಮುಟ್ಟಿಕೊಂಡ.

"ಓಡಿ ಹೋಗದ ಹಾಗೆ," ಅಂದ.

ಆಮೇಲೆ ಅವನು ಹೇಳಿದ್ದನ್ನ ನಾನು ಹೇಗೆ ಹೇಳಲಿ. ಅವನಿಗೂ ಇಪ್ಪತ್ತು ತುಂಬಿದ ದಿನ ಅವನಪ್ಪ ಹಿಡಿದಾಗ ಅವನು ಬೇಡ ಅಂತ ಕಿರುಚಿದ್ದನಂತೆ. ಅವನಿಗೆ ದೋಣಿ ಕಟ್ಟೋ ಕೆಲಸ ಕಲೀಬೇಕು ಅಂತ ಆಸೆ ಇತ್ತಂತೆ, ಹೊಳೆ ದಡದಲ್ಲಿ ಒಬ್ಬ ಬಡಗಿ ಕಲಿಸೋಕೆ ಒಪ್ಪಿಯೂ ಇದ್ದ. ಕಾಲು ಝಾಡಿಸಿದ, ಕಚ್ಚಿದ. ಆದ್ರೆ ಅಪ್ಪ ಕೊಂಬು ಬಿಡಲಿಲ್ಲ. ಕೊಂಬು ಇರೋದೇ ಅದಕ್ಕೆ, ಗೇಣುದ್ದ ಇದ್ರೆ ಮುಷ್ಟಿಗೆ ಸರಿಯಾಗಿ ಸಿಗುತ್ತೆ, ಕಮ್ಮಿ ಇದ್ರೆ ಮಗು ಜಾರಿಕೊಳ್ಳುತ್ತೆ. ಕೊಂಬಿನಲ್ಲಿ ಶಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಮರುದಿನ ಆ ಬಡಗಿಯ ಮರದ ಕೊಟ್ಟಿಗೆಯೇ ಇವನ ಕೈಯಿಂದ ಮೊದಲು ಸುಟ್ಟಿದ್ದು. ಒಂದು ಸಲ ಸುಟ್ಟ ಮೇಲೆ ಕೈ ನಿಲ್ಲಲಿಲ್ಲ ಅಂದ.

ಇದನ್ನೆಲ್ಲ ಬಾಗಿಲಲ್ಲಿ ಬಟ್ಟೆ ಹಿಡ್ಕೊಂಡು ನಿಂತ ಅತ್ತೆಯೂ ಕೇಳಿಸಿಕೊಂಡ್ಲು. ಈಗ ಮುಚ್ಚಿಡೋದೇನಿದೆ ಅಂತ ನಾನೂ ಬಾಯಿ ಬಿಟ್ಟೆ. ಸೋಮವಾರದ ಫೈಲು, ಠಾಣೆ, ಹೊಲಿಗೆ ಕ್ಲಾಸಿನ ಸುಳ್ಳು, ಎಲ್ಲಾ. ಅತ್ತೆ ನನ್ನನ್ನ ನೋಡಿದ ನೋಟ ಈಗ ನೆನೆಸಿಕೊಂಡ್ರೂ ತಲೆ ತಗ್ಗಿಸಬೇಕು ಅನ್ನಿಸುತ್ತೆ. ಬೈದಿದ್ರೆ ಚೆನ್ನಾಗಿತ್ತು. ಐದು ವರ್ಷ ನನ್ನ ಹುಬ್ಬು ತಿದ್ದುತ್ತಾ ಬೆನ್ನಿಗೆ ಚೂರಿ ಹಾಕಿದೆಯಲ್ಲೇ ಅಂತ ಅಷ್ಟೇ ಅಂದ್ಲು.

ಮುದುಕ ಮೊಮ್ಮಗಳ ಗದ್ದ ಹಿಡಿದು ಮುಖ ಎತ್ತಿದ. ಕೊಂಬಿನ ಹತ್ತಿರ ಕೈ ಒಯ್ಯಲಿಲ್ಲ.

"ಮರಿ, ನಿನಗೆ ಇದು ಬೇಕಾ?"

ಏಳು ತಲೆಮಾರಿನಲ್ಲಿ ಮೊದಲ ಸಲ ಒಂದು ಮಗುವನ್ನ ಕೇಳಿದ್ರು ನೋಡಿ. ಹುಡುಗಿ ತಕ್ಷಣ ಬೇಡ ಅಂತಾಳೆ ಅಂದ್ಕೊಂಡಿದ್ದೆ. ಅವಳು ಅನ್ನಲಿಲ್ಲ. ತನ್ನ ಕೈ ನೋಡಿಕೊಂಡ್ಲು. ಬೆರಳ ತುದಿಯಲ್ಲಿ ಕೆಂಪಗೆ ಏನೋ ಓಡಾಡ್ತಿತ್ತು. ಬೂಟಿನ ಲೇಸು ಸುಟ್ಟಾಗ ನಕ್ಕಿದ್ದಳಲ್ಲ, ಆ ನಗುವಿನ ನೆರಳು ಮುಖದ ಮೇಲೆ ಬಂದು ಹೋಯ್ತು. ಅವಳನ್ನ ತಡೆಯೋಕೆ ನನ್ನ ಹತ್ತಿರ ಒಂದು ಬಾಚಣಿಗೆ ಬಿಟ್ಟರೆ ಏನಿತ್ತು?

"ಒಂದೊಂದು ಸಲ ಬೇಕು ಅನ್ಸುತ್ತೆ ತಾತ," ಅಂದ್ಲು. "ಆದ್ರೆ ಬೇಡ."

ಅತ್ತೆ ಬಟ್ಟೆ ಬಿಸಾಕಿ ಮುಂದೆ ಬಂದ್ಲು. ಹಾಗಾದ್ರೆ ತನಗೆ ಕೊಡು ಅಂತ ಅಪ್ಪನ ಮುಂದೆ ಎರಡೂ ಕೈ ಒಡ್ಡಿದ್ಲು. ಕೊಂಬಿನ ಅಗತ್ಯವೇ ಇಲ್ಲ ಅಂದ ಮೇಲೆ ಮೂವತ್ತು ವರ್ಷ ತನ್ನನ್ನ ಯಾಕೆ ಕೇಳಲಿಲ್ಲ, ತಮ್ಮ ಓಡಿಹೋದ, ನಾನು ಓಡಿಹೋದೆನಾ, ನಿನ್ನ ಗಂಜಿ ನಿನ್ನ ಔಷಧಿ ನೋಡ್ಕೊಂಡು ಇಲ್ಲೇ ಬಿದ್ದಿರಲಿಲ್ಲವಾ ಅಂತ ಅತ್ತಳು. ನನಗೂ ಕಣ್ಣು ತುಂಬಿತು. ಅವಳ ಮಾತಿನಲ್ಲಿ ಏನು ತಪ್ಪಿತ್ತು?

"ನೀನು ಓಡಿ ಹೋಗ್ತಿರಲಿಲ್ಲ, ಅದಕ್ಕೇ ಕೊಡಲಿಲ್ಲ," ಅಂದ ಮುದುಕ. "ಬೇಕು ಅಂತ ತಗೊಂಡವರ ಕೈಯಲ್ಲಿ ಇದು ಏನು ಮಾಡುತ್ತೆ ಅಂತ ನನಗೆ ಭಯ ಮಗಳೇ."

ಅತ್ತೆ ಗೋಡೆಗೆ ಒರಗಿ ಹಾಗೇ ಕುಸಿದು ಕೂತ್ಲು. ಮುದುಕ ಬಲಗೈ ತೆರೆದ. ಅಂಗೈ ನಡುವೆ ಬೆಂಕಿ ಎದ್ದಿತು, ಮೊಗ್ಗಿನಷ್ಟು, ಸದ್ದಿಲ್ಲದೆ. ಇಷ್ಟೇನಾ ಅನ್ನಿಸ್ತು ನನಗೆ. ಆದ್ರೆ ಆ ಇಷ್ಟಕ್ಕೇ ಎರಡು ಮಾರು ದೂರದಲ್ಲಿದ್ದ ನನ್ನ ಮುಖ ಚುರುಗುಟ್ಟಿತು, ಬ್ಯಾಗಿನ ಪ್ಲಾಸ್ಟಿಕ್ ಹಿಡಿ ಮೆತ್ತಗಾಯ್ತು. ಠಾಣೆಯಲ್ಲಿ ಏನು ಕಲಿಸ್ತಾರೆ, ಇದನ್ನ ಆರಿಸೋಕೆ ಬರುತ್ತಾ ಅಂತ ಅವನು ಮೊಮ್ಮಗಳನ್ನ ಕೇಳಿದ. ತನಗೆ ಇದರ ಜೊತೆ ಸಾಯೋಕೆ ಇಷ್ಟ ಇಲ್ಲ, ಒಂದು ದಿನವಾದ್ರೂ ಇದಿಲ್ಲದೆ ಇರಬೇಕು ಅಂದ.

ನೀರು ತರ್ತೀನಿ ಅಂತ ನಾನು ಎದ್ದೆ. ಮರಿ ಬೇಡ ಅಂತ ತಲೆ ಅಲ್ಲಾಡಿಸಿದ್ಲು. ನೀರಿಗೆ ಇದು ಬಗ್ಗಲ್ಲ, ಹೊಳೆಯಲ್ಲಿ ಏಳು ದಿನ ನಿಲ್ಲಿಸಿದ್ರೂ ಆರಿರಲಿಲ್ಲವಲ್ಲ, ಒಳಗೆ ಉಸಿರು ಹೋಗದ ಹಾಗೆ ಗಾಳಿ ಕಟ್ಟಬೇಕು ಅಂದ್ಲು. ತಾತನ ಬೆರಳು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿ, ಅದರ ಮೇಲೆ ತನ್ನ ಎರಡೂ ಕೈ ಬಿಗಿಯಾಗಿ ಸುತ್ತಿ ಎದೆಗೆ ಒತ್ತಿಕೊಂಡ್ಲು.

ಬೆಂಕಿ ಸುಮ್ಮನಿರುತ್ತಾ? ಅವಳ ಬೆರಳ ಸಂದಿಯಿಂದ ಬೆಳಕು ಹಣಕಿತು. ಕೈಯ ನರಗಳು ಒಂದೊಂದಾಗಿ ಕೆಂಪಾಗ್ತಾ ಮಣಿಕಟ್ಟಿಗೆ ಬಂದ್ವು, ಮೊಣಕೈಗೆ ಬಂದ್ವು. ಅದು ಆರ್ತಾ ಇಲ್ಲ, ದಾಟ್ತಾ ಇದೆ ಅಂತ ನನಗೆ ಹೊಳೀತು. ಅವಳ ಕಣ್ಣು ಕೆಂಡದ ಬಣ್ಣಕ್ಕೆ ತಿರುಗಿತ್ತು. ಬಿಟ್ಟುಬಿಡು ಮರಿ ಅಂತ ಮುದುಕ ಗೋಗರೆದ. ಆಮೇಲೆ ಅವಳು ನನ್ನ ಹತ್ತಿರ ಹೇಳಿದ್ದು, ನೋವಾಗ್ತಿರಲಿಲ್ಲವಂತೆ, ಎಷ್ಟು ಹಿತವಾಗಿತ್ತು ಅಂದ್ರೆ ಸುಮ್ಮನೆ ಒಳಗೆ ಬಿಟ್ಕೊಂಡ್ರೆ ಸಾಕು ಅನ್ನಿಸ್ತಿತ್ತಂತೆ. ಬಿಟ್ಕೊಳ್ಳಲಿಲ್ಲ. ಹಲ್ಲು ಕಚ್ಚಿ, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ, ಗಾಳಿ ಕಟ್ಟು, ಕೈ ಬಿಡಬೇಡ, ಗಾಳಿ ಕಟ್ಟು, ಕೈ ಬಿಡಬೇಡ ಅಂತ ಗಟ್ಟಿಯಾಗಿ ಹೇಳ್ಕೊಳ್ಳೋಕೆ ಶುರು ಮಾಡಿದ್ಲು. ನಾನೂ ಜೊತೆಗೆ ಹೇಳಿದೆ. ಯಾಕೆ ಅಂತ ಕೇಳಬೇಡಿ, ಬೇರೆ ಏನೂ ತೋಚಲಿಲ್ಲ.

ಮೊಣಕೈಯ ಕೆಂಪು ನಿಂತಿತು. ಮಣಿಕಟ್ಟಿಗೆ ಇಳೀತು. ಬೆರಳ ಸಂದಿಯ ಬೆಳಕು ಕಂದಾಯ್ತು, ಆಮೇಲೆ ಇಲ್ಲವೇ ಇಲ್ಲ. ಒಂದು ಎಳೆ ಹೊಗೆ ಎದ್ದು ಮಾಳಿಗೆ ಕಡೆ ಹೋಯ್ತು. ಅದೇ ಹೊತ್ತಿಗೆ ಅವಳ ಎಡಗಡೆಯ ಕೊಂಬು ಕಳಚಿ ಕಲ್ಲು ನೆಲದ ಮೇಲೆ ಟಣ್ ಅಂತ ಬಿತ್ತು. ಬಲಗಡೆಯದು ಸ್ವಲ್ಪ ಯೋಚನೆ ಮಾಡಿ ಆಮೇಲೆ ಬಿತ್ತು. ಐದು ವರ್ಷ ನಾನು ಉಜ್ಜಿ ಉಜ್ಜಿ ಸತ್ತಿದ್ದೆ.

ಮುದುಕ ಮುಷ್ಟಿ ತೆರೆದು ನೋಡಿದ. ತಿರುಗಿಸಿ ನೋಡಿದ. ಆಮೇಲೆ ಹಲ್ಲಿಲ್ಲದ ಬಾಯಿ ಅದುರ್ತಾ, ಚಳಿ ಆಗ್ತಿದೆ ಅಂದ. ಇಪ್ಪತ್ತನೇ ವಯಸ್ಸಿನಿಂದ ಈಚೆಗೆ ಆ ಮನುಷ್ಯ ಆ ಮಾತು ಆಡಿದ್ದು ಅವತ್ತೇ. ಆ ಮನೆಯಲ್ಲಿ ಅವನಿಗೆ ಅಂತ ಒಂದು ಹೊದಿಕೆಯೇ ಇರಲಿಲ್ಲ. ಮರಿ ತಾತನ್ನ ಅಪ್ಪಿಕೊಳ್ಳೋಕೆ ಕೈ ಚಾಚಿದ್ಲು, ಆಗ ನೋಡಿದ್ವಿ, ಎರಡೂ ಅಂಗೈ ತುಂಬಾ ಬೊಬ್ಬೆ.

ಗೋಡೆ ಹತ್ತಿರ ಕೂತಿದ್ದ ಅತ್ತೆ ಎದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಹೋಗಿ ತನ್ನ ರಗ್ಗು ತಂದು ಅಪ್ಪನಿಗೆ ಕುತ್ತಿಗೆವರೆಗೆ ಹೊದಿಸಿದ್ಲು, ತುದಿ ಕಾಲ ಕೆಳಗೆ ಸಿಕ್ಕಿಸಿದ್ಲು. ಆಮೇಲೆ ಮರಿಯ ಮುಂದೆ ಕೂತು ಅವಳ ಕೈ ಎಳೆದು ತನ್ನ ತೊಡೆ ಮೇಲೆ ಇಟ್ಕೊಂಡು, ಬಾಯಿಂದ ಊದುತ್ತಾ ಬೈದ್ಲು.

"ಸೋಮವಾರ ಕೆಲಸಕ್ಕೆ ಹೋಗೋ ಹುಡುಗಿ, ಕೈ ಹೀಗೆ ಮಾಡ್ಕೊಂಡಿದ್ದೀಯಲ್ಲೇ."

ಮರಿ ಆಗ ಅತ್ತಳು, ಮಗುವಿನ ಹಾಗೆ ದನಿ ತೆಗೆದು. ಅತ್ತೆ ಊದೋದು ನಿಲ್ಲಿಸಲಿಲ್ಲ.